ಇಂಟರ್ನಲ್‌ನಲ್ಲಿ 50ಕ್ಕೆ 41 ಇದೆ. ಒಟ್ಟು 80 ಆಗಲು ಪರೀಕ್ಷೆಯಲ್ಲಿ ಕನಿಷ್ಠ ಎಷ್ಟು ತೆಗೆಯಬೇಕು?

78 ಬೇಕು. ಅದು ನೂರಕ್ಕೆ 78, ಐವತ್ತಕ್ಕೆ ಅಲ್ಲ. ನಾನು ಮುಗ್ಗರಿಸಿದ್ದು ಇಲ್ಲಿಯೇ, ಆದ್ದರಿಂದ ಉತ್ತರ ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ನಾನೂ ವಿಟಿಯುವಿನವನೇ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ), 2018ರ ಸ್ಕೀಮಿನ, ಅಂದರೆ ಆ ವರ್ಷದ ಪಠ್ಯ ಮತ್ತು ಅಂಕ ಪದ್ಧತಿಯ ಬ್ಯಾಚು. ಕಾಲೇಜು ಮಂಗಳೂರಿನ ಹೊರವಲಯದಲ್ಲಿ, ಮನೆ ಕಾಪುವಿನಲ್ಲಿ. ಮೂರನೆಯ ಸೆಮಿಸ್ಟರಿನ ಕೊನೆಯ ಇಂಟರ್ನಲ್ ಮುಗಿದು ಅಂಕ ಗೊತ್ತಾದ ಸಂಜೆ, ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಹೊರಟ ಉಡುಪಿಯ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತ್ತು. ಡೇಟಾ ಸ್ಟ್ರಕ್ಚರ್ಸ್‌ನಲ್ಲಿ 40ಕ್ಕೆ 34 ಬಂದಿತ್ತು. ನನಗೆ ಬೇಕಾಗಿದ್ದದ್ದು ಒಟ್ಟು 70, ಅಂದರೆ ಎ ಗ್ರೇಡ್, 8 ಪಾಯಿಂಟ್. ಎಪ್ಪತ್ತರಲ್ಲಿ ಮೂವತ್ತನಾಲ್ಕು ಕಳೆದರೆ 36. ಟಿಕೆಟಿನ ಹಿಂಬದಿಯಲ್ಲಿ 36 ಎಂದು ಬರೆದು ಸುತ್ತ ಒಂದು ಗೆರೆ ಎಳೆದೆ. ಬಸ್ಸು ಸುರತ್ಕಲ್ ದಾಟುವಷ್ಟರಲ್ಲಿ ಆ ವಿಷಯ ನನ್ನ ಪಾಲಿಗೆ ಮುಗಿದೇ ಹೋಗಿತ್ತು.

ಕಳೆಯುವ ಲೆಕ್ಕ ಸರಿಯಾಗಿಯೇ ಇತ್ತು. ತಪ್ಪಿದ್ದು ಅದರ ನಂತರದ್ದು. ಆ ಸ್ಕೀಮಿನಲ್ಲಿ ಇಂಟರ್ನಲ್ 40, ಪರೀಕ್ಷೆ 60. ಆದರೆ ಕೈಗೆ ಕೊಡುವ ಪ್ರಶ್ನೆಪತ್ರಿಕೆ 60 ಅಂಕಗಳದ್ದಲ್ಲ, 100 ಅಂಕಗಳದ್ದು. ಮೌಲ್ಯಮಾಪನವಾದ ಮೇಲೆ ಬಂದ ಅಂಕವನ್ನು 60ಕ್ಕೆ ಇಳಿಸುತ್ತಾರೆ. ನನಗೆ ಬೇಕಿದ್ದ 36 ಇಳಿಸಿದ ಮೇಲಿನ 36. ಅದಕ್ಕೆ ಪತ್ರಿಕೆಯಲ್ಲಿ 60 ತೆಗೆಯಬೇಕಿತ್ತು. ಪತ್ರಿಕೆಯಲ್ಲೇ 36 ತೆಗೆದರೆ ಇಳಿಸಿದಾಗ ಸಿಗುವುದು 21.6. ನಾನು ತಲೆಯಲ್ಲಿ ಕೂರಿಸಿಕೊಂಡದ್ದು ನೂರಕ್ಕೆ 36. ವಿಚಿತ್ರವೆಂದರೆ, ಪತ್ರಿಕೆಯಲ್ಲಿ 35 ಬಂದರೆ ಪಾಸು ಎನ್ನುವುದು ಪ್ರತಿಯೊಬ್ಬ ವಿದ್ಯಾರ್ಥಿಗೂ ಬಾಯಿಪಾಠ, ನನಗೂ ಇತ್ತು. ಜಸ್ಟ್ ಪಾಸಿಗಿಂತ ಒಂದೇ ಒಂದು ಅಂಕ ಜಾಸ್ತಿ ಬಂದವನಿಗೆ ಎ ಗ್ರೇಡ್ ಯಾರು ಕೊಡುತ್ತಾರೆ ಎಂದು ಒಮ್ಮೆಯಾದರೂ ಅನುಮಾನ ಬರಬೇಡವೇ? ಬರಲಿಲ್ಲ. ಬೇಕಾದ ಉತ್ತರ ಸಿಕ್ಕಿಬಿಟ್ಟರೆ ಅದನ್ನು ಮತ್ತೆ ಯಾರು ಪರೀಕ್ಷಿಸುತ್ತಾರೆ?

ಆ ಸಂಖ್ಯೆ ಬರೀ ಟಿಕೆಟಿನ ಮೇಲೆ ಉಳಿದಿದ್ದರೆ ತೊಂದರೆ ಇರಲಿಲ್ಲ. ನಾನು ಅದರ ಮೇಲೆ ಓದಿನ ಯೋಜನೆಯನ್ನೇ ಕಟ್ಟಿದೆ. ಪತ್ರಿಕೆ ಹೇಗಿರುತ್ತದೆಂದು ನಿಮಗೆ ಗೊತ್ತು: ಐದು ಮಾಡ್ಯೂಲ್, ಪ್ರತಿಯೊಂದರಲ್ಲೂ ಎರಡು ಪೂರ್ಣ ಪ್ರಶ್ನೆ, ಅವುಗಳಲ್ಲಿ ಒಂದಕ್ಕೆ ಉತ್ತರ, 20 ಅಂಕ. ಮೂವತ್ತಾರು ಸಾಕು ಎಂದುಕೊಂಡವನಿಗೆ ಎರಡು ಮಾಡ್ಯೂಲ್ ಸಾಲುತ್ತದೆ. ನಾನು ಉದಾರಿ, ಮೂರು ಓದಿದೆ. ಸ್ಟ್ಯಾಕ್, ಕ್ಯೂ, ಅರೇ, ಲಿಂಕ್ಡ್ ಲಿಸ್ಟ್ ಎಲ್ಲವನ್ನೂ ನೀರು ಕುಡಿದಂತೆ ಕಲಿತೆ. ಟ್ರೀ, ಗ್ರಾಫ್ ಇರುವ ಕೊನೆಯ ಎರಡು ಮಾಡ್ಯೂಲ್‌ಗಳ ನೋಟ್ಸ್ ಝೆರಾಕ್ಸ್ ಅಂಗಡಿಯಿಂದ ಬಂದ ಹಾಗೆಯೇ ಪಿನ್ ಸಮೇತ ಉಳಿದವು. ಓದುವ ರಜೆಯಲ್ಲಿ ಊರಿನಲ್ಲಿ ಕಟೀಲು ಮೇಳದ ಹರಕೆಯಾಟ, ಅಂದರೆ ಹರಕೆಯ ಯಕ್ಷಗಾನ ಬಂತು. ಆಗ ಆಟ ಬೆಳಗಿನವರೆಗೂ ನಡೆಯುತ್ತಿತ್ತು. ಅಮ್ಮ ‘ಪರೀಕ್ಷೆ ಹತ್ತಿರ ಬಂತಲ್ಲವೇ’ ಎಂದಾಗ, ಲೆಕ್ಕ ಹಾಕಿಯೇ ಹೊರಟಿದ್ದೇನೆ ಎಂದು ಹೇಳಿ ಮಂಗಳದವರೆಗೂ ಕೂತು ಬಂದೆ. (ಆಟದ ಬಗ್ಗೆ ಈಗಲೂ ವಿಷಾದವಿಲ್ಲ.)

ಪತ್ರಿಕೆಯಲ್ಲಿ 45 ಬಂತು. ಅದು ಇಳಿದು 27 ಆಯಿತು, ಒಟ್ಟು 61. ಆಮೇಲೆ ಹೊಳೆಯಿತು: ಬಿಟ್ಟ ಎರಡು ಮಾಡ್ಯೂಲ್‌ಗಳಿಂದಾಗಿ ಓದಿದ ಮೂರರಲ್ಲಿ ಒಂದೂ ಅಂಕ ಕಳೆದುಕೊಳ್ಳದೆ ಬರೆದಿದ್ದರೆ ಮಾತ್ರ ಅರವತ್ತು ಮುಟ್ಟಬಹುದಿತ್ತು. ಅಂದರೆ ಪರೀಕ್ಷಾ ಕೊಠಡಿಗೆ ಕಾಲಿಡುವ ಮೊದಲೇ ಎ ಗ್ರೇಡ್ ಹೆಚ್ಚುಕಡಿಮೆ ಕೈಬಿಟ್ಟಿತ್ತು.

8ರ ಬದಲು 7, ಅಷ್ಟಕ್ಕೆ ಇಷ್ಟು ಗೋಳೇ ಎನ್ನಬಹುದು. ಅದು ನಾಲ್ಕು ಕ್ರೆಡಿಟ್ಟಿನ ವಿಷಯ, ಅಂದರೆ ಅದರ ಪಾಯಿಂಟನ್ನು ನಾಲ್ಕರಿಂದ ಗುಣಿಸಿ ಲೆಕ್ಕಕ್ಕೆ ಹಿಡಿಯುತ್ತಾರೆ. ಒಂದು ಪಾಯಿಂಟ್ ಹೋದರೆ ನಾಲ್ಕು ಹೋದಂತೆ. ಆರು ಸೆಮಿಸ್ಟರಿನ 130ಕ್ಕೂ ಹೆಚ್ಚು ಕ್ರೆಡಿಟ್‌ಗಳ ಮೇಲೆ ಹಂಚಿದರೆ ಸಿಜಿಪಿಎಯಲ್ಲಿ, ಅಂದರೆ ಎಲ್ಲ ಸೆಮಿಸ್ಟರಿನ ಸರಾಸರಿ ಪಾಯಿಂಟಿನಲ್ಲಿ, 0.03. ಕ್ಯಾಂಪಸ್ಸಿಗೆ ಬಂದ ಕಂಪನಿಯೊಂದು 7.5 ಇದ್ದವರನ್ನು ಮಾತ್ರ ಕೂರಿಸಿತು. ನನ್ನದು 7.48.

ಈಗ ನಿಮ್ಮ ಲೆಕ್ಕ. ನಿಮ್ಮ ಸ್ಕೀಮಿನಲ್ಲಿ 50:50, ಪತ್ರಿಕೆ ಆಗಿನಂತೆ ನೂರರದ್ದೇ, ಅರ್ಧಕ್ಕೆ ಇಳಿಸುತ್ತಾರೆ. ಬೇಕಾದ ಒಟ್ಟು ಅಂಕದಿಂದ ಇಂಟರ್ನಲ್ ಕಳೆಯಿರಿ, ಉಳಿದದ್ದನ್ನು ಎರಡರಿಂದ ಗುಣಿಸಿ. 80 ಬೇಕಾದರೆ 39, ಗುಣಿಸಿದರೆ 78. 70 ಸಾಕಾದರೆ 58. 90ರ ಆಸೆ ಇದ್ದರೆ 98 ಬೇಕು, ಆ ಆಸೆಯನ್ನು ಇವತ್ತೇ ಬಿಡಿ. ಪಾಸಾಗಲು ಒಟ್ಟು 40 ಬೇಕು, ನಿಮಗೆ ಈಗಾಗಲೇ 41 ಇದೆ ಎಂದು ನೆಮ್ಮದಿಯಿಂದ ಇರಬೇಡಿ. ಪರೀಕ್ಷೆಯ 50ರಲ್ಲಿ ಪ್ರತ್ಯೇಕವಾಗಿ 18 ಬರಲೇಬೇಕು. ಇಲ್ಲದಿದ್ದರೆ ಇಂಟರ್ನಲ್ ಎಷ್ಟೇ ಇದ್ದರೂ ಫೇಲು.

ಆದರೆ ‘ಕನಿಷ್ಠ ಗೊತ್ತಾದರೆ ಅಷ್ಟಕ್ಕೆ ಓದಿ ಉಳಿದ ಸಮಯ ಬೇರೆ ವಿಷಯಕ್ಕೆ ಕೊಡುತ್ತೇನೆ’ ಎಂದು ಬರೆದಿದ್ದೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ. 78ಕ್ಕೆ ಓದುವುದು ಎಂಬುದೇ ಇಲ್ಲ. ಒಂದೇ ಒಂದು ಮಾಡ್ಯೂಲ್ ಬಿಟ್ಟಿರೋ, ಉಳಿಯುವುದು ಎಂಬತ್ತು. ಅದರಲ್ಲಿ ಎರಡೇ ಅಂಕ ಕಳೆದುಕೊಳ್ಳುವ ಅವಕಾಶ. ಮೌಲ್ಯಮಾಪಕರು ಒಂದು ಚಿತ್ರಕ್ಕೆ ಅಂಕ ಕತ್ತರಿಸಿದರೆ ಅದೂ ಹೋಯಿತು. ನಿಮ್ಮ ಮಟ್ಟಿಗೆ 78 ಎಂದರೆ ಐದೂ ಮಾಡ್ಯೂಲ್ ಓದುವುದು, ಬೇರೆ ಅರ್ಥವಿಲ್ಲ. ಈ ಲೆಕ್ಕವನ್ನು ಹಾಕಬೇಕಾದದ್ದೂ ಈಗಲ್ಲ, ಮೊದಲ ಇಂಟರ್ನಲ್‌ಗೆ ಮುಂಚೆ. ಇಂಟರ್ನಲ್‌ನಲ್ಲಿ ಸಿಗುವ ಪ್ರತಿ ಅಂಕವೂ ಪತ್ರಿಕೆಯ ಎರಡು ಅಂಕಕ್ಕೆ ಸಮ, ಅಸೈನ್‌ಮೆಂಟ್ ಸಕಾಲಕ್ಕೆ ಕೊಟ್ಟರೂ ಅಲ್ಲಿ ಅಂಕ ಸಿಗುತ್ತದೆ.

ಮಣಿಪಾಲದಲ್ಲಿ ಓದುವ ಗೆಳೆಯನ ಆ್ಯಪ್ ಬೇರೆ ಸಂಖ್ಯೆ ತೋರಿಸಿತು ಎಂದಿದ್ದೀರಿ. ಅದನ್ನು ಮರೆತುಬಿಡಿ. ಮಣಿಪಾಲದ ಎಂಐಟಿಯಲ್ಲಿ, ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಗ್ರೇಡ್ ನಿಲ್ಲುವುದು ತರಗತಿಯ ಉಳಿದವರು ಹೇಗೆ ಬರೆದರು ಎನ್ನುವುದರ ಮೇಲೆ. ಪರೀಕ್ಷೆಗೆ ಮೊದಲು ಅಲ್ಲಿ ಯಾರಿಗೂ ಗಡಿ ಎಲ್ಲಿದೆಯೆಂದು ಹೇಳಲು ಬರುವುದಿಲ್ಲ, ಆ್ಯಪ್ ಊಹಿಸುತ್ತದೆ ಅಷ್ಟೆ.

ಇನ್ನೊಂದು ಮಾತು. 70ಕ್ಕೂ 79ಕ್ಕೂ ನಮ್ಮಲ್ಲಿ ಒಂದೇ 8 ಪಾಯಿಂಟ್. ಈ ವಿಷಯದಲ್ಲಿ 78ರ ಹಟ ಹಿಡಿಯುವ ಮೊದಲು ಉಳಿದ ವಿಷಯಗಳ ಗಡಿ ಎಷ್ಟು ದೂರವಿದೆ ನೋಡಿ. ನಾಲ್ಕು ಕ್ರೆಡಿಟ್ಟಿನ ಯಾವುದಾದರೂ ವಿಷಯದಲ್ಲಿ ಇಂಟರ್ನಲ್ 38 ಇದ್ದರೆ ಅಲ್ಲಿ 8 ಪಾಯಿಂಟಿಗೆ 64 ಸಾಕು, ನಾನಾಗಿದ್ದರೆ ಮೊದಲು ಅದನ್ನೇ ಭದ್ರ ಮಾಡಿಕೊಳ್ಳುತ್ತಿದ್ದೆ. ಇಂಟರ್ನಲ್ ಪಟ್ಟಿಗೆ ಸಹಿ ಹಾಕಿಸಿಕೊಳ್ಳುವಾಗ ನಿಮ್ಮ ಹೆಸರಿನ ಮುಂದೆ 41 ಎಂದೇ ಇದೆಯೇ, ಅದನ್ನೂ ಕಣ್ಣಾರೆ ನೋಡಿ. ಉಳಿದ ವಿಷಯಗಳ ಅಂಕ ಮತ್ತು ಕ್ರೆಡಿಟ್ ಇಲ್ಲಿ ಬರೆದರೆ ಯಾವುದನ್ನು ಮೊದಲು ಓದಬೇಕೆಂದು ಹೇಳುತ್ತೇನೆ.