ಗಂಜಿ ಹಾಕಿದ ಸೀರೆಯನ್ನು ಮಳೆಗಾಲಕ್ಕೆ ಎತ್ತಿಡಬೇಡಿ

ಉಡುಗೆ-ತೊಡುಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಅಂಗಡಿಯವರು ‘ಕೈಮಗ್ಗದ ಉಡುಪಿ ಸೀರೆ’ ಎಂದು ತೋರಿಸುವುದು ನಿಜವಾಗಿ ಕೈಮಗ್ಗದ್ದೇ ಎಂದು ತಿಳಿಯುವುದು ಹೇಗೆ? ಪವರ್‌ಲೂಮ್ ಸೀರೆಗಿಂತ ಇದರ ಬೆಲೆ ಅಷ್ಟು ಹೆಚ್ಚು ಯಾಕೆ?
– ಓದುಗರು, ಸುರತ್ಕಲ್

ಸೀರೆಯ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ನೇಯುವಾಗ ಬಟ್ಟೆಯ ಅಗಲ ಕುಗ್ಗದಂತೆ ಎರಡೂ ತುದಿಯಲ್ಲಿ ಸೂಜಿ ಇರುವ ಒಂದು ಅಡ್ಡ ಕಡ್ಡಿ ಕೊಟ್ಟಿರುತ್ತಾರೆ. ನೇಕಾರರು ಕೆಲವು ಇಂಚು ನೇಯ್ದ ಮೇಲೆ ಅದನ್ನು ಕೈಯಿಂದಲೇ ಕಿತ್ತು ಮುಂದಕ್ಕೆ ಚುಚ್ಚುತ್ತಾರೆ. ಹಾಗಾಗಿ ಕೈಮಗ್ಗದ ಸೀರೆಯ ಅಂಚಿನಲ್ಲಿ ಅಲ್ಲಲ್ಲಿ ಗುಂಪುಗುಂಪಾಗಿ ಸಣ್ಣ ತೂತುಗಳಿರುತ್ತವೆ, ಗುಂಪುಗಳ ನಡುವಿನ ಅಂತರ ಒಂದೇ ಸಮ ಇರುವುದಿಲ್ಲ. ಪವರ್‌ಲೂಮಿನಲ್ಲಿ ಸೂಜಿಯ ಗುರುತು ಬಿದ್ದರೆ ಅದು ಅಂಚಿನುದ್ದಕ್ಕೂ ಸಾಲಾಗಿ ಬೀಳುತ್ತದೆ. ಇನ್ನು ಮೈ ನೋಡಿ: ಕೈಮಗ್ಗದ್ದಾದರೆ ಎಲ್ಲೋ ಒಂದು ಕಡೆ ಹೊಕ್ಕು (ಅಡ್ಡ ನೂಲು) ತುಸು ದಟ್ಟ, ಇನ್ನೊಂದು ಕಡೆ ತುಸು ತೆಳು. ಒಂದೇ ಗುರುತನ್ನು ನಂಬಿ ತೀರ್ಮಾನಿಸಬೇಡಿ. 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ ಇದೆಯೇ ಎಂದು ಕೇಳಿ. ಉಡುಪಿ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಎಲ್ಲಕ್ಕಿಂತ ನೇರ ದಾರಿ ಎಂದರೆ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಂಥ ಕಡೆಗೇ ಹೋಗಿ ಕೊಳ್ಳುವುದು.

ಬೆಲೆಯ ಮಾತಿಗೆ ಒಂದು ಲೆಕ್ಕ. ಐದೂವರೆ ಮೀಟರ್ ಎಂದರೆ ಸುಮಾರು 216 ಇಂಚು. ಇಂಚಿಗೆ 56 ಹೊಕ್ಕಿನ ಸೀರೆಯಾದರೆ ಲಾಳಿ 12,000ಕ್ಕೂ ಹೆಚ್ಚು ಸಲ ಆಚೀಚೆ ಓಡಬೇಕು. ಪ್ರತಿ ಸಲವೂ ಒಂದು ಕೈ ಎಳೆಯಬೇಕು, ಒಂದು ಕಾಲು ತುಳಿಯಬೇಕು. ನೂಲಿಗೆ ಬಣ್ಣ, ಹಾಸುನೂಲಿಗೆ (ಉದ್ದ ನೂಲಿಗೆ) ಗಂಜಿ, ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವುದು ಇವೆಲ್ಲ ಇದರ ಹೊರಗಿನ ಕೆಲಸ. ಇಷ್ಟು ತಿಳಿದ ಮೇಲೂ ಚೌಕಾಸಿ ಮಾಡಿದರೆ ಆ ಹಣ ನೇಕಾರರ ಕೂಲಿಯಿಂದಲೇ ಕಡಿತವಾಗುತ್ತದೆ.

ಪ್ರಶ್ನೆ: ಕಳೆದ ಮಳೆಗಾಲದಲ್ಲಿ ಕಪಾಟಿನಲ್ಲಿದ್ದ ಅತ್ತೆಯವರ ನಾಲ್ಕು ಹತ್ತಿ ಸೀರೆಗಳಿಗೆ ಕರಿ ಚುಕ್ಕೆ ಬಿದ್ದಿದೆ, ಒಂದು ಮಡಿಕೆಯಲ್ಲಿ ತೂತೂ ಆಗಿದೆ. ಚೆನ್ನಾಗಿ ಗಂಜಿ ಹಾಕಿ, ಇಸ್ತ್ರಿ ಮಾಡಿಯೇ ಇಟ್ಟಿದ್ದೆ. ಎಲ್ಲಿ ತಪ್ಪಾಯಿತು?
– ಓದುಗರು, ಕಟಪಾಡಿ

ತಪ್ಪಿದ್ದು ಗಂಜಿಯಲ್ಲೇ. ಗಂಜಿ ಎಂದರೆ ಪಿಷ್ಟ, ಬೂಸ್ಟಿಗೂ ಬೆಳ್ಳಿ ಬಣ್ಣದ ಸಿಲ್ವರ್ ಫಿಶ್ ಹುಳುವಿಗೂ ಅದು ಆಹಾರ. ಹುಳು ಗಂಜಿ ತಿನ್ನಲು ಬಂದು ನೂಲನ್ನೂ ಕೆರೆದು ಹೋಗುತ್ತದೆ. ಮಡಿಕೆಯ ತೂತಿಗೆ ಇದೇ ಕಾರಣ ಇರಬಹುದು. ಅಲ್ಲದೆ ಗಂಜಿ ಹಾಕಿದ ಬಟ್ಟೆಯನ್ನು ತಿಂಗಳುಗಟ್ಟಲೆ ಒಂದೇ ಗೆರೆಯಲ್ಲಿ ಮಡಚಿಟ್ಟರೆ ಆ ಗೆರೆಯಲ್ಲಿ ನೂಲು ಸೀಳುತ್ತದೆ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ, ಹತ್ತಿ ಆ ಪಸೆಯನ್ನೆಲ್ಲ ಹೀರಿಕೊಳ್ಳುತ್ತದೆ.

ಮೇ ತಿಂಗಳ ಬಿಸಿಲು ಇರುವಾಗಲೇ ಈ ಕೆಲಸ ಮುಗಿಸಿ. ಎತ್ತಿಡುವ ಸೀರೆಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ನೀರಿನ ಜಾರುತನ ಹೋಗುವವರೆಗೆ ಎರಡು ಮೂರು ಸಲ ಜಾಲಿಸಿ. ಬಣ್ಣದ ಸೀರೆಯನ್ನು ಒಳಮೈ ಹೊರಗೆ ಮಾಡಿ ನೆರಳಿನಲ್ಲಿ ಒಣಗಿಸಿ. ಒಣಗಿತು ಅನ್ನಿಸಿದ ಮೇಲೂ ಇನ್ನೊಂದು ದಿನ ಗಾಳಿಗೆ ಬಿಡಿ. ಇಸ್ತ್ರಿ ಮಾಡಿದರೆ ಬಿಸಿ ಆರಿದ ಮೇಲಷ್ಟೇ ಮಡಚಿ. ಆಮೇಲೆ ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಕವರಿನಲ್ಲಿ ಇಡಬೇಡಿ, ಒಳಗಿನ ಪಸೆ ಹೊರಗೆ ಹೋಗದೆ ಅಲ್ಲೇ ಬೆವರುತ್ತದೆ. ಪಡುವಣ ಗೋಡೆಗೆ ಕಪಾಟು ಒತ್ತಿಕೊಂಡಿದ್ದರೆ ಒಂದು ಗೇಣು ಮುಂದಕ್ಕೆ ಎಳೆಯಿರಿ. ಕೆಂಪುಕಲ್ಲಿನ ಹೊರಗೋಡೆ ಮಳೆನೀರು ಹೀರಿ ಹಿಂದಿನಿಂದ ತಣ್ಣಗಿರುತ್ತದೆ. ಬೇವಿನ ಎಲೆ ಇಡುವುದಾದರೆ ಕೈಯಲ್ಲಿ ಪುಡಿಯಾಗುವಷ್ಟು ಒಣಗಿದ್ದನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿಡಿ. ಹಸಿ ಎಲೆ ಕಲೆ ಮಾಡುತ್ತದೆ. ಲಾವಂಚದ ಬೇರು ಇನ್ನೂ ಒಳ್ಳೆಯದು.

ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಮಳೆ ಬಿಟ್ಟು ಬಿಸಿಲು ಬಂದ ದಿನ ಸೀರೆಗಳನ್ನೊಮ್ಮೆ ಹೊರಗೆ ತೆಗೆದು ಮಡಿಕೆ ಬದಲಿಸಿ. ಆಟಿಯ ಬಿಸಿಲಿಗೆ ಆನೆಯ ಬೆನ್ನೂ ಬಿರಿಯುತ್ತದೆ ಎನ್ನುತ್ತಾರೆ, ಬಣ್ಣ ಉಳಿಯುತ್ತದೆಯೇ? ಬಿಸಿಲಿಗೆ ಹಾಕಬೇಡಿ, ಜಗಲಿಯ ನೆರಳೇ ಸಾಕು.

ಈಗಾಗಲೇ ಬಿದ್ದ ಚುಕ್ಕೆಯ ವಿಷಯ. ಅದರ ಬಣ್ಣ ನೂಲಿನ ಒಳಗೇ ಇಳಿದಿರುವುದರಿಂದ ಸೋಪಿಗೆ ಹೋಗುವುದಿಲ್ಲ. ಬಿಳಿ ಬಟ್ಟೆಯಾದರೆ ಸೋಡಿಯಂ ಪರ್‌ಕಾರ್ಬೊನೇಟ್ ಪುಡಿಯನ್ನು ಲೀಟರ್ ಬಿಸಿ ನೀರಿಗೆ ಒಂದು ದೊಡ್ಡ ಚಮಚದಂತೆ ಕರಗಿಸಿ ಎರಡು ಮೂರು ಗಂಟೆ ನೆನೆಸಿ. ನೀರು ಕೈ ತಾಳಲಾಗದಷ್ಟು ಬಿಸಿ ಇರಬೇಕು, ತಣ್ಣೀರಿನಲ್ಲಿ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಕೋಲಿನಿಂದ ಮುಳುಗಿಸಿ. ಬಣ್ಣದ ಸೀರೆಯಾದರೆ ಮೊದಲು ಸೆರಗಿನ ಒಳತುದಿಯಲ್ಲಿ ಒಂದು ಹನಿ ಹಾಕಿ ಪರೀಕ್ಷಿಸಿ. ಜರಿ ಅಥವಾ ರೇಷ್ಮೆ ಇದ್ದರೆ ಈ ಪುಡಿ ಬೇಡವೇ ಬೇಡ. ಕ್ಲೋರಿನ್ ಬ್ಲೀಚನ್ನು ಹಳೆಯ ಹತ್ತಿಗೆ ಹಾಕಬೇಡಿ, ಚುಕ್ಕೆಯ ಜೊತೆ ನೂಲಿನ ಬಲವೂ ಹೋಗುತ್ತದೆ.

ಗಂಜಿ ಉಡುವ ವಾರದಲ್ಲಿ ಹಾಕುವಂಥದ್ದು. ಒಂದು ಸೀರೆಗೆ ಎರಡು ದೊಡ್ಡ ಚಮಚ ಸಾಬಕ್ಕಿಯನ್ನು ಒಂದು ಲೀಟರ್ ನೀರಿನಲ್ಲಿ ಕರಗುವವರೆಗೆ ಕುದಿಸಿ, ತೆಳು ಬಟ್ಟೆಯಲ್ಲಿ ಸೋಸಿ, ಇನ್ನೂ ಮೂರು ಲೀಟರ್ ನೀರು ಬೆರೆಸಿ. ಸೋಸದಿದ್ದರೆ ಕಪ್ಪು, ನೀಲಿ ಸೀರೆಯ ಮೇಲೆ ಬಿಳಿ ಗಂಟು ಕೂರುತ್ತದೆ. ಸೀರೆ ಪೂರ್ತಿ ಒದ್ದೆ ಇರುವಾಗಲೇ ಗಂಜಿಗೆ ಇಳಿಸಿ, ಒಣಗಿದ್ದನ್ನು ಅದ್ದಿದರೆ ಮೊದಲು ಮುಳುಗಿದ ಜಾಗ ಹೆಚ್ಚು ಕುಡಿದು ಪಟ್ಟೆ ಬೀಳುತ್ತದೆ. ಕುಚ್ಚಲಕ್ಕಿಯ ಗಂಜಿ ತಿಳಿಯೂ ಆಗುತ್ತದೆ, ಆದರೆ ಅದರ ಕೆಂಪು ಛಾಯೆ ಬಿಳಿ ಸೀರೆಗೆ ಹತ್ತುತ್ತದೆ.

ಪ್ರಶ್ನೆ: ಅಡಿಕೆ ಚೊಗರಿನಲ್ಲಿ (ಅಡಿಕೆ ಬೇಯಿಸಿ ಉಳಿದ ನೀರಿನಲ್ಲಿ) ಹತ್ತಿ ಶಾಲಿಗೆ ಬಣ್ಣ ಹಾಕಿದೆ. ಕಂದುಗೆಂಪು ಬರಬೇಕಾದಲ್ಲಿ ಬೂದಿ ಬಣ್ಣ ಬಂತು. ನಮ್ಮದು ಬಾವಿ ನೀರು.
– ಓದುಗರು, ಮೂಡುಬಿದಿರೆ

ಬಾವಿ ನೀರು ಎಂದು ನೀವೇ ಬರೆದದ್ದು ಒಳ್ಳೆಯದಾಯಿತು. ಕೆಂಪುಕಲ್ಲಿನ ನೆಲದ ಬಾವಿಗಳಲ್ಲಿ ಕಬ್ಬಿಣದ ಅಂಶ ಇರುವುದುಂಟು. ಚೊಗರಿನಲ್ಲಿರುವ ಟ್ಯಾನಿನ್ ಎಂಬ ಒಗರಿನ ಅಂಶ ಕಬ್ಬಿಣವನ್ನು ಮುಟ್ಟಿದರೆ ಬೂದಿ, ಕಪ್ಪಿಗೆ ತಿರುಗುತ್ತದೆ. ಹೀಗೆ ನೋಡಿ: ಹಾಲು ಹಾಕದ ಕಡು ಚಹಾವನ್ನು ಎರಡು ಗಾಜಿನ ಲೋಟಕ್ಕೆ ಸ್ವಲ್ಪ ಸ್ವಲ್ಪ ಹುಯ್ಯಿರಿ. ಒಂದಕ್ಕೆ ಬಾವಿ ನೀರು, ಇನ್ನೊಂದಕ್ಕೆ ಹಿಡಿದಿಟ್ಟ ಮಳೆ ನೀರು ಬೆರೆಸಿ ಹತ್ತು ನಿಮಿಷ ಬಿಡಿ. ಮಳೆ ನೀರಿನ ಚಹಾ ಕೆಂಪಾಗಿಯೇ ಇದ್ದು ಬಾವಿ ನೀರಿನದು ಮಸಿಯ ಹಾಗೆ ಕಪ್ಪಾದರೆ ಕಬ್ಬಿಣ ಇದೆ ಎಂದೇ ಅರ್ಥ. ಹಾಗಿದ್ದರೆ ಬಣ್ಣಕ್ಕೆ ಮಳೆ ನೀರನ್ನೇ ಬಳಸಿ, ಪಾತ್ರೆ ಸ್ಟೀಲಿನದಿರಲಿ. ತುಕ್ಕು ಹಿಡಿದ ಸರಿಗೆಯ ಮೇಲೆ ಒಣಗಿಸಿದರೂ ಗೆರೆ ಬೀಳುತ್ತದೆ.

ಕ್ರಮ ಇದು. ಹೊಸ ಬಟ್ಟೆಯಲ್ಲಿ ನೇಯ್ಗೆಯ ಗಂಜಿ ಇರುತ್ತದೆ, ಅದಿದ್ದರೆ ಬಣ್ಣ ಕಲೆಕಲೆಯಾಗಿ ಹತ್ತುತ್ತದೆ. ಲೀಟರಿಗೆ ಒಂದು ಚಮಚ ವಾಷಿಂಗ್ ಸೋಡಾ ಹಾಕಿ ಒಂದು ಗಂಟೆ ಕುದಿಸಿ ತೊಳೆಯಿರಿ. ಒಂದು ಪಾಲು ಚೊಗರಿಗೆ ಹತ್ತು ಪಾಲು ನೀರು ಬೆರೆಸಿ, ಶಾಲನ್ನು ಸಣ್ಣ ಉರಿಯಲ್ಲಿ ಒಂದು ಗಂಟೆ ಇಟ್ಟು ಅದರಲ್ಲೇ ಆರಲು ಬಿಡಿ. ಚೊಗರಿನ ದಪ್ಪ ಒಂದೊಂದು ಕಡೆಯದು ಒಂದೊಂದು ಥರ, ಮೊದಲು ಒಂದು ಚಿಂದಿಯಲ್ಲಿ ನೋಡಿಕೊಳ್ಳಿ. ಹಿಂಡಿದ ಮೇಲೆ ಪಟಿಕದ ನೀರು: 200 ಗ್ರಾಂ ಬಟ್ಟೆಗೆ 30 ಗ್ರಾಂ ಪಟಿಕವನ್ನು ಬಿಸಿ ನೀರಿನಲ್ಲಿ ಕರಗಿಸಿ, ಬಟ್ಟೆ ಮುಳುಗುವಷ್ಟು ನೀರು ಸೇರಿಸಿ ರಾತ್ರಿಯಿಡೀ ನೆನೆಸಿ. ಮತ್ತೆ ಒಮ್ಮೆ ಚೊಗರು. ಮೊದಲ ಒಗೆತವನ್ನು ಒಂದು ವಾರ ಬಿಟ್ಟು ಮಾಡಿ, ಸೋಡಾ ಇಲ್ಲದ ಸೋಪು ಸಾಕು.

ಚೊಗರು ಸಿಗುವುದು ಹಸಿ ಅಡಿಕೆ ಬೇಯಿಸಿ ಕೆಂಪಡಿಕೆ ಮಾಡುವ ತೀರ್ಥಹಳ್ಳಿ, ಸಾಗರದ ಕಡೆ. ನಮ್ಮ ಕಡೆಯ ಚಾಲಿ ಅಡಿಕೆಯನ್ನು ಬೇಯಿಸದೆ ಬಿಸಿಲಿಗೆ ಹಾಕುವುದರಿಂದ ಚೊಗರು ಉಳಿಯುವುದಿಲ್ಲ. ಅದರ ಬದಲು ಗೇರುಬೀಜದ ತಿರುಳಿನ ಮೇಲಿನ ತೆಳು ಕೆಂಪು ಸಿಪ್ಪೆಯಲ್ಲಿ ಪ್ರಯತ್ನಿಸಬಹುದು, ಅದರಲ್ಲೂ ಟ್ಯಾನಿನ್ ಇದೆ. ಹೊರಗಿನ ಗಟ್ಟಿ ಸಿಪ್ಪೆಯನ್ನು ಮಾತ್ರ ಕುದಿಸಬೇಡಿ, ಅದರ ಎಣ್ಣೆ ಚರ್ಮ ಸುಡುತ್ತದೆ.

ಪ್ರಶ್ನೆ: ಬಿದಿರಿನ ಬಟ್ಟೆ ಪರಿಸರಕ್ಕೆ ಒಳ್ಳೆಯದಂತೆ, ಹೌದೇ?
– ಓದುಗರು, ಮಣಿಪಾಲ

ಗಿಡ ಒಳ್ಳೆಯದು, ಬಟ್ಟೆಯ ಮಾತು ಬೇರೆ. ‘ಬ್ಯಾಂಬೂ’ ಎಂದು ಮಾರುವ ಮೆತ್ತನೆಯ ಬಟ್ಟೆ ಬಹುಮಟ್ಟಿಗೆ ವಿಸ್ಕೋಸ್. ಬಿದಿರಿನ ತಿರುಳನ್ನು ಕಾಸ್ಟಿಕ್ ಸೋಡಾ ಮತ್ತು ಕಾರ್ಬನ್ ಡೈಸಲ್ಫೈಡ್‌ನಲ್ಲಿ ಕರಗಿಸಿ ನೂಲು ತೆಗೆದಿರುತ್ತಾರೆ. ಕಾರ್ಬನ್ ಡೈಸಲ್ಫೈಡ್ ಅಲ್ಲಿ ದುಡಿಯುವವರ ನರಗಳಿಗೆ ಹಾನಿ ಮಾಡುವ ರಾಸಾಯನಿಕ. ಚೀಟಿಯಲ್ಲಿ ಲಯೋಸೆಲ್ ಎಂದಿದ್ದರೆ ವಾಸಿ, ಅದರಲ್ಲಿ ಕರಗಿಸುವ ದ್ರಾವಣವನ್ನು ಹೆಚ್ಚುಕಡಿಮೆ ಪೂರ್ತಿ ಮತ್ತೆ ಬಳಸುತ್ತಾರೆ.

ಪ್ರಶ್ನೆ: ಹತ್ತಿ ಸೀರೆ ಒಂದು ಒಗೆತಕ್ಕೇ ಕೆಳಗೆ ಸುರುಟಿಕೊಂಡು ನಿಂತಿದೆ. ಸೀರೆಯೇ ಕಳಪೆಯೇ?
– ಓದುಗರು, ಕಾರ್ಕಳ

ಬಹುಶಃ ಸೀರೆಯ ತಪ್ಪಲ್ಲ. ಸೀರೆ ಮತ್ತು ಫಾಲ್ ಬೇರೆ ಬೇರೆ ಅಳತೆಯಲ್ಲಿ ಕುಗ್ಗಿದಾಗ ಹೀಗಾಗುತ್ತದೆ. ಫಾಲ್ ಬಿಚ್ಚಿ ಸೀರೆಯನ್ನು ಒಂದು ಸಲ ಒಗೆದು ಇಸ್ತ್ರಿ ಮಾಡಿ ನೋಡಿ, ಸುರುಟು ಹೋದರೆ ಕಾರಣ ಅದೇ. ಹೊಸ ಹತ್ತಿ ಫಾಲನ್ನು ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ, ಕೈಹೊಲಿಗೆಯಲ್ಲಿ ಸಡಿಲವಾಗಿ ಹಚ್ಚಿಸಿ. ಬ್ಲೌಸ್ ಪೀಸಿಗೂ ಲೈನಿಂಗಿಗೂ ಇದೇ ಕ್ರಮ, ಎರಡನ್ನೂ ನೆನೆಸಿಯೇ ಟೈಲರಿಗೆ ಕೊಡಿ. ಬದಿಯಲ್ಲಿ ಒಂದು ಇಂಚು ಮಾರ್ಜಿನ್ ಬಿಡಲು ಹೇಳಿ, ನಾಲ್ಕು ವರ್ಷ ಕಳೆದು ಬಿಗಿಯಾದಾಗ ಬಿಚ್ಚಿಕೊಳ್ಳಬಹುದು.