ಪಿ.ಎಫ್. ಪ್ರತಿಭಟನೆಗೂ ಕಂಪನಿಗಳಿಗೂ ಇರುವ ಸಂಬಂಧ

2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಮಹಿಳೆಯರು ಬೀದಿಗಿಳಿದದ್ದು ಕೇಂದ್ರ ಸರ್ಕಾರದ ಪಿ.ಎಫ್. (ಕಾರ್ಮಿಕರೂ ಮಾಲೀಕರೂ ಕಟ್ಟುವ ಭವಿಷ್ಯ ನಿಧಿ) ನಿಯಮದ ವಿರುದ್ಧವಲ್ಲವೇ, ಅದಕ್ಕೂ ಇಲ್ಲಿ ಬಟ್ಟೆ ಹೊಲಿಸಿಕೊಳ್ಳುವ ದೊಡ್ಡ ವಿದೇಶಿ ಕಂಪನಿಗಳಿಗೂ ಏನು ಸಂಬಂಧ ಎಂದು ತಾವು ಕೇಳಿದ್ದೀರಿ. ಮಾಲೀಕರ ಪಾಲಿನ ವಂತಿಗೆಯನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ನಿಯಮವೇ ಕಿಡಿ ಹೊತ್ತಿಸಿತು, ನಿಜ. ಆದರೆ ಆ ಸಣ್ಣ ಮೊತ್ತ ಅವರಿಗೆ ಅಷ್ಟು ದೊಡ್ಡದಾಗಿ ಕಂಡದ್ದೇಕೆ ಎಂದು ನೋಡಹೊರಟರೆ ಕಂಪನಿಗಳು ಎದುರಾಗುತ್ತವೆ.

ಅಂಗಿಯ ಬೆಲೆಯನ್ನು ತೀರ್ಮಾನಿಸುವುದು ವಿದೇಶಿ ಬ್ರ್ಯಾಂಡ್; ಒಪ್ಪದಿದ್ದರೆ ಆರ್ಡರ್ ಬಾಂಗ್ಲಾದೇಶಕ್ಕೋ ವಿಯೆಟ್ನಾಮಿಗೋ ಹೋದೀತೆಂಬ ಭಯದಲ್ಲಿ ಕಾರ್ಖಾನೆಯವರು ಸಂಬಳವನ್ನು ಸರ್ಕಾರ ಗೊತ್ತುಪಡಿಸಿದ ಕನಿಷ್ಠ ವೇತನದ ಆಸುಪಾಸಿನಲ್ಲೇ ಹಿಡಿದಿಡುತ್ತಾರೆ. ಕಾಲರ್ ಕೂರಿಸುವ ಟೈಲರ್ ಒಬ್ಬಳ ಸಂಬಳ ಮನೆ ಬಾಡಿಗೆ, ದಿನಸಿ, ಸಂಘದ ಸಾಲದ ಕಂತಿಗೆ ಮುಗಿದುಹೋಗುತ್ತದೆ. ಆಗ ಇಡಿಗಂಟಾಗಿ ಕೈಗೆ ಸಿಗುತ್ತಿದ್ದ ಹಣವೆಂದರೆ ಕೆಲಸ ಬಿಟ್ಟು, ಎರಡು ತಿಂಗಳು ಕಾದು ಪಡೆಯುತ್ತಿದ್ದ ಪಿ.ಎಫ್. ಮಾತ್ರ. ಅದಕ್ಕಾಗಿಯೇ ರಾಜೀನಾಮೆ ಕೊಟ್ಟು ಬೇರೊಂದು ಫ್ಯಾಕ್ಟರಿ ಸೇರುವವರಿದ್ದರು. ಐದು ವರ್ಷ ತುಂಬುವ ಮೊದಲೇ ಹೀಗೆ ಬಿಟ್ಟರೆ ಗ್ರಾಚ್ಯುಟಿಯೂ, ಅಂದರೆ ಸೇವೆಗಾಗಿ ಮಾಲೀಕರು ಕೊಡಬೇಕಾದ ಹಣವೂ, ಇಲ್ಲ (ಇದರಿಂದ ಉಳಿತಾಯ ಯಾರಿಗೆಂದು ಬೇರೆ ಹೇಳಬೇಕಿಲ್ಲ).

ಏಪ್ರಿಲ್ 18 ಮತ್ತು 19ರಂದು ಹೊಸೂರು ರಸ್ತೆ ಸ್ತಬ್ಧವಾಯಿತು. 19ರಂದೇ ಕೇಂದ್ರವು ನಿಯಮವನ್ನು ಹಿಂಪಡೆಯಿತು. ಆದರೆ ಸಂಬಳದ ದರವಾಗಲಿ, ಗಂಟೆಗಿಷ್ಟು ಪೀಸ್ ಎಂಬ ಟಾರ್ಗೆಟ್ ಆಗಲಿ ಆಗ ಕದಲಲಿಲ್ಲ, ಏಕೆಂದರೆ ಬೆಲೆ ಕಟ್ಟುವ ಕಂಪನಿಗಳೊಂದಿಗೆ ಈ ಮಹಿಳೆಯರಿಗೆ ನೇರ ಒಪ್ಪಂದವೇ ಇಲ್ಲ. ಕಾಗದದ ಮೇಲೆ ಅವರ ಮಾಲೀಕರು ಇಲ್ಲಿನ ಫ್ಯಾಕ್ಟರಿಯವರು ಮಾತ್ರ.