ಟೋಟಲ್ ನಾರ್ಮಲ್ ಅಂದರೆ ಸಾಕೇ?

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: ‘ನನಗೆ 53 ವರ್ಷ. ಮುಟ್ಟು ನಿಂತು ಎರಡು ವರ್ಷವಾಯಿತು. ರಕ್ತ ಪರೀಕ್ಷೆಯಲ್ಲಿ ಟೋಟಲ್ ಕೊಲೆಸ್ಟ್ರಾಲ್ 188, ಎಲ್‌ಡಿಎಲ್ 100, ಎಚ್‌ಡಿಎಲ್ 42, ಟ್ರೈಗ್ಲಿಸರೈಡ್ 230 ಬಂದಿದೆ. ಟೋಟಲ್ ನಾರ್ಮಲ್ ಇದೆ, ಹೆಂಗಸರಿಗೆ ಹಾರ್ಟ್ ತೊಂದರೆ ಬರೋದು ಕಡಿಮೆ ಅಂತ ಮನೆಯವರು ಹೇಳುತ್ತಾರೆ. ತುಪ್ಪವನ್ನಂತೂ ಬಿಟ್ಟೇಬಿಟ್ಟಿದ್ದೇನೆ. ಇನ್ನೇನು ಮಾಡಲಿ? ಏಳು ತಿಂಗಳ ಬಸುರಿ ಮಗಳಿಗೂ ಪರೀಕ್ಷೆ ಮಾಡಿಸಲೇ?’

ಸಂಪಾದಕರ ಉತ್ತರ:

ಅಮ್ಮಾ, ಆ 188 ನೋಡಿ ಸುಮ್ಮನಾಗಬೇಡಿ. ಅದು ಒಳ್ಳೆಯದು ಕೆಟ್ಟದ್ದು ಎರಡನ್ನೂ ಕೂಡಿಸಿದ ಲೆಕ್ಕ. ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ 40ಕ್ಕಿಂತ ಜಾಸ್ತಿ ಇದ್ದರೆ ಸಾಕು ಅಂತ ಎಷ್ಟೋ ಲ್ಯಾಬ್‌ಗಳು ಎಲ್ಲರಿಗೂ ಒಂದೇ ಥರ ಅಚ್ಚು ಹಾಕುತ್ತವೆ. ಅದು ಗಂಡಸರ ಗೆರೆ. ಹೆಂಗಸರಿಗೆ 50 ಇರಬೇಕು. ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು ಟ್ರೈಗ್ಲಿಸರೈಡ್, ಅದು 150ರ ಒಳಗಿರಬೇಕು. ಈಗ ಟೋಟಲ್‌ನಿಂದ ಎಚ್‌ಡಿಎಲ್ ಕಳೆಯಿರಿ. 146 ಬರುತ್ತದೆ, ಅಲ್ವಾ? ಒಳ್ಳೆಯದನ್ನು ಬಿಟ್ಟು ಉಳಿದ ಕೊಲೆಸ್ಟ್ರಾಲ್ ಅದು, 130ರ ಒಳಗಿದ್ದರೆ ಒಳ್ಳೆಯದು. ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಒಂದನ್ನೇ ನೋಡಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ಮನೆಯವರ ಮಾತು ಪೂರ್ತಿ ಸುಳ್ಳಲ್ಲ. ಹೆಂಗಸರಿಗೆ ಹೃದಯದ ಕಾಯಿಲೆ ಸಾಮಾನ್ಯವಾಗಿ ಗಂಡಸರಿಗಿಂತ ಸುಮಾರು ಹತ್ತು ವರ್ಷ ತಡವಾಗಿ ಬರುತ್ತದೆ. ಆದರೆ ಬರುತ್ತದೆ. ಮುಟ್ಟು ನಿಲ್ಲುವ ಹೊತ್ತಿಗೆ ಈಸ್ಟ್ರೋಜನ್ ಎನ್ನುವ ಹೆಣ್ಣು ಹಾರ್ಮೋನ್ ಇಳಿಯುತ್ತದೆ, ಎಲ್‌ಡಿಎಲ್ ಏರುತ್ತದೆ. ಹಾಗಾದರೆ ಹಾರ್ಮೋನ್ ಮಾತ್ರೆ ನುಂಗಿದರಾಯಿತು ಅನ್ನಿಸಬಹುದು. ಅಮೆರಿಕದಲ್ಲಿ ಆಗಲೇ ಹೃದಯದ ಕಾಯಿಲೆ ಇದ್ದ 2,763 ಹೆಂಗಸರ ಮೇಲೆ ಅದನ್ನು ಪರೀಕ್ಷಿಸಿದ್ದರು. 1998ರಲ್ಲಿ ಫಲಿತಾಂಶ ಬಂತು. ಎಲ್‌ಡಿಎಲ್ ಇಳಿದಿತ್ತು, ಎಚ್‌ಡಿಎಲ್ ಏರಿತ್ತು, ಹೃದಯಾಘಾತ ಮಾತ್ರ ಕಡಿಮೆಯಾಗಿರಲಿಲ್ಲ. ಹೃದಯ ಕಾಪಾಡಲೆಂದು ಆ ಮಾತ್ರೆಯ ಹಿಂದೆ ಹೋಗಬೇಡಿ.

ತುಪ್ಪ ಕಡಿಮೆ ಮಾಡಿದ್ದು ಸರಿಯೇ. ಆದರೆ ಟ್ರೈಗ್ಲಿಸರೈಡ್ ಏರಿಸುವುದರಲ್ಲಿ ಸಕ್ಕರೆ, ಮೈದಾ, ಎರಡೂ ಹೊತ್ತಿನ ರಾಶಿ ಅನ್ನದ ಪಾಲು ದೊಡ್ಡದು. ನಿಮ್ಮೂರಿನ ಸಂಜೆಯ ಮಂಡಕ್ಕಿ-ಮಿರ್ಚಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಅನ್ನ ಅರ್ಧ ಮಾಡಿ, ಕಾಳು-ಪಲ್ಯ ಜಾಸ್ತಿ ಮಾಡಿ. ದಿನಾ ಅರ್ಧ ಗಂಟೆ ಚುರುಕಾಗಿ ನಡೆಯಿರಿ. ಶುಗರ್, ಥೈರಾಯ್ಡ್ ಎರಡನ್ನೂ ನೋಡಿಸಿ. ಅವು ಕೆಟ್ಟರೂ ಈ ಅಂಕಿಗಳು ಏರುತ್ತವೆ. ಬಸುರಿಯಾಗಿದ್ದಾಗ ನಿಮಗೆ ಬಿಪಿಯೋ ಶುಗರ್ರೋ ಬಂದಿದ್ದರೆ ಡಾಕ್ಟರಿಗೆ ಹೇಳಲೇಬೇಕು. ಎಷ್ಟೋ ಜನ ಅದನ್ನು ಮರೆತೇಬಿಡುತ್ತಾರೆ. ಮಾತ್ರೆ ಬೇಕೋ ಬೇಡವೋ ಅನ್ನುವುದನ್ನು ಇದೆಲ್ಲ ನೋಡಿ ಅವರೇ ಹೇಳಲಿ.

ಮಗಳಿಗೆ ಈಗ ಬೇಡ. ಬಸುರಿನಲ್ಲಿ ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್ ಎರಡೂ ತಾವಾಗಿಯೇ ಏರುತ್ತವೆ, ಸುಮ್ನೆ ಗಾಬರಿಯಾಗುತ್ತದೆ. ಅವಳ ಡಾಕ್ಟರೇ ಕೇಳಿದರೆ ಬೇರೆ ಮಾತು. ಇಲ್ಲದಿದ್ದರೆ ಹೆರಿಗೆಯಾಗಿ ಕೆಲವು ತಿಂಗಳು ಕಳೆಯಲಿ, ಆಮೇಲೆ ಮಾಡಿಸಿ.